ಚುಕ್ಕಿ, ಅಕ್ಷರ, ಇಸವಿ: ಶಿವಮೊಗ್ಗ–ಭದ್ರಾವತಿ ಸೀಮೆಯಲ್ಲಿ ಬ್ರಿಟಿಷ್ ಕಾಲದ ನಾಣ್ಯಸಂಗ್ರಹ

ಶಿವಮೊಗ್ಗದ ಗಾಂಧಿ ಬಜಾರಿನ ಬೆಳ್ಳಿಬಂಗಾರದ ಅಂಗಡಿಗೆ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ರಾಣಿ ರೂಪಾಯಿ ಹಿಡಿದು ಬಂದವರು ಮೊದಲು ಕೇಳುವುದು, ‘ತೂಕಕ್ಕೆ ಎಷ್ಟು ಬರುತ್ತೆ?’ ಎಂದು. ಸವೆಯದ ರೂಪಾಯಿಯಾದರೆ ತಕ್ಕಡಿಯಲ್ಲಿ ಸುಮಾರು 11.66 ಗ್ರಾಂ ತೂಗುತ್ತದೆ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೆರಕೆ. ಅಂಗಡಿಯ ಲೆಕ್ಕ ಅಲ್ಲಿಗೆ ಮುಗಿಯಿತು. ಅದೇ ರೂಪಾಯಿ ನಾಣ್ಯಸಂಗ್ರಾಹಕರ ಕೈ ಸೇರಿದರೆ ತಕ್ಕಡಿಗಿಂತ ಮೊದಲು ಭೂತಗನ್ನಡಿ ಹೊರಗೆ ಬರುತ್ತದೆ. ಯಾವ ಇಸವಿ? ಯಾವ ಊರಿನ ಟಂಕಸಾಲೆ? ಬರಹದ ಕೆಳಗೆ ಚುಕ್ಕಿ ಇದೆಯೇ, ಇದ್ದರೆ ಎಷ್ಟು? ರಾಣಿಯ ಕತ್ತಿನ ಕೆಳಗೆ ಅಕ್ಷರ ಇದೆಯೇ? ಈ ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಒಂದೇ ತೂಕದ, ಒಂದೇ ಲೋಹದ ಎರಡು ರೂಪಾಯಿಗಳ ನಡುವೆ ನೂರು ಪಟ್ಟು ಬೆಲೆ ವ್ಯತ್ಯಾಸ ಬರಬಹುದು.

ನಾಣ್ಯಸಂಗ್ರಹದಲ್ಲಿ ಎರಡು ದಾರಿಗಳಿವೆ. ಬಗೆಗೊಂದರಂತೆ, ಅಂದರೆ ಒಬ್ಬೊಬ್ಬ ದೊರೆಯ ಕಾಲದ ಒಂದೊಂದು ಮುಖಬೆಲೆಯ ಒಂದೊಂದು ನಾಣ್ಯವನ್ನು ಕೂಡಿಸುವುದು ಮೊದಲನೆಯದು. ಒಂದೇ ನಾಣ್ಯವನ್ನು ಇಸವಿ, ಟಂಕಸಾಲೆ ಮತ್ತು ಅಚ್ಚಿನ ಸಣ್ಣಪುಟ್ಟ ಭೇದಗಳ ಪ್ರಕಾರ ಪೂರ್ತಿ ಸಾಲು ಮಾಡುವುದು ಎರಡನೆಯದು. ಈ ಲೇಖನದ ವಿಷಯ ಎರಡನೆಯ ದಾರಿ. ಬ್ರಿಟಿಷ್ ಕಾಲದ ನಾಣ್ಯಗಳಿಗೆ ಇದು ವಿಶೇಷವಾಗಿ ಹೊಂದುತ್ತದೆ. ಅವು ಯಂತ್ರದಲ್ಲಿ ಕೋಟಿಗಟ್ಟಲೆ ಅಚ್ಚಾದವು, ಬಹುಪಾಲಿನ ಮೇಲೆ ಇಸವಿ ಇದೆ, ಮತ್ತು ಯಂತ್ರದ ಏಕರೂಪತೆಯ ನಡುವೆಯೇ ಅಚ್ಚು ಕೆತ್ತಿದ ಕೈಗಳ ಗುರುತು ಉಳಿದುಕೊಂಡಿದೆ.

ಮಲೆನಾಡಿನ ಹೆಬ್ಬಾಗಿಲೆನಿಸಿದ ಶಿವಮೊಗ್ಗದ ಮನೆಗಳಲ್ಲಿ ಇಂಗ್ಲೆಂಡಿನ ರಾಣಿಯ ಮುಖ ಇಷ್ಟು ಹೇರಳವಾಗಿ ಸಿಗಲು ಕಾರಣವೇನು? ಅದಕ್ಕೆ ಉತ್ತರ ಈ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ಈ ನೆಲಕ್ಕೆ ಸ್ವಂತ ನಾಣ್ಯದ ದೊಡ್ಡ ಪರಂಪರೆಯಿತ್ತು. ಕೆಳದಿಯ ಅರಸರು ಹೊರಡಿಸಿದ ಇಕ್ಕೇರಿ ವರಹದ ಮುಂಬದಿಯಲ್ಲಿ ಶಿವಪಾರ್ವತಿ, ಹಿಂಬದಿಯಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಅಲ್ಲಿಯ ವರಹದ ಶಿವಪಾರ್ವತಿಯನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಹಾಕಿಸಿದ. ಜನ ನಂಬಿದ ನಾಣ್ಯದ ಮುಖ ಬದಲಿಸಬಾರದೆಂಬುದು ಅವನಿಗೆ ಗೊತ್ತಿತ್ತು. ಟಿಪ್ಪುವಿನ ಕಾಲದಲ್ಲಿ ನಗರದ (ಅದೇ ಬಿದನೂರಿನ) ಟಂಕಸಾಲೆ ಆನೆಯ ಚಿತ್ರದ ತಾಮ್ರದ ನಾಣ್ಯಗಳನ್ನು ಹೊರಡಿಸಿತು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದ ಮೇಲೂ ಅದೇ ಶಿವಪಾರ್ವತಿ ಮುಂದುವರಿದರು. ಅವರ ತಾಮ್ರದ ನಾಣ್ಯಗಳಲ್ಲಿ ಕನ್ನಡದ ‘ಮಯಿಲಿ ಕಾಸು’ ಎಂಬ ಬರಹದ ಜೊತೆಗೇ ಇಂಗ್ಲಿಷ್ ಅಕ್ಷರಗಳಲ್ಲಿ ‘ಕ್ಯಾಷ್’ ಎಂದೂ ಇರುತ್ತದೆ. ಇಂಗ್ಲಿಷ್ ಬಾರದ ಅಚ್ಚುಗಾರರು ಆ ಅಕ್ಷರಗಳನ್ನು ಚಿತ್ರದಂತೆ ನೋಡಿ ಕೆತ್ತಿದ್ದರಿಂದ ಕೆಲವು ಅಕ್ಷರ ತಿರುಗುಮುರುಗಾಗಿವೆ. ಆ ತಪ್ಪುಗಳೇ ಇಂದು ಸಂಗ್ರಾಹಕರು ಹುಡುಕುವ ಭೇದಗಳು.

1830ರಲ್ಲಿ ಕಂದಾಯದ ಭಾರಕ್ಕೆ ಬೇಸತ್ತ ನಗರ ಸೀಮೆಯ ರೈತರು ಎದ್ದು ನಿಂತರು. ದಂಗೆಯ ಮುಂದಾಳು ಬೂದಿ ಬಸಪ್ಪ ತಾನೇ ಕೆಳದಿಯ ವಾರಸುದಾರನೆಂದು ಘೋಷಿಸಿಕೊಂಡ. ನಗರದ ದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡರು. 1833ರಲ್ಲಿ ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ಹೋಯಿತು, 1843ರಲ್ಲಿ ಬಾಗಿಲು ಹಾಕಿತು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದರೂ ನಾಣ್ಯ ಮರಳಲಿಲ್ಲ. ನಿಜಾಮರ ಹೈದರಾಬಾದು ಕೊನೆಯವರೆಗೂ ತನ್ನದೇ ನಾಣ್ಯ ಟಂಕಿಸಿತು. ಮೈಸೂರು ಬ್ರಿಟಿಷ್ ಇಂಡಿಯಾದ ರೂಪಾಯಿಯಲ್ಲೇ ವ್ಯವಹಾರ ನಡೆಸಿತು. ಆದ್ದರಿಂದ ಶಿವಮೊಗ್ಗದ ಅಡಿಕೆ ಮಂಡಿಯ ಗಲ್ಲಾಪೆಟ್ಟಿಗೆಯಲ್ಲೂ ತೀರ್ಥಹಳ್ಳಿ ರಸ್ತೆಯ ಕಾಣಿಕೆ ಡಬ್ಬಿಯಲ್ಲೂ ಒಂದು ಶತಮಾನ ಕಾಲ ಸದ್ದು ಮಾಡಿದ್ದು ಕಲ್ಕತ್ತಾ, ಮುಂಬಯಿಗಳ ನಾಣ್ಯ. ಇಲ್ಲಿಯ ದಂಗೆಯೇ ಇಲ್ಲಿಯ ನಾಣ್ಯದ ಕೊನೆಗೆ ದಾರಿ ಮಾಡಿತೆಂಬುದನ್ನು ಸಂಗ್ರಾಹಕರು ಮರೆಯುವುದಿಲ್ಲ.

ಆ ಕಾಲದ ಲೆಕ್ಕ ತಿಳಿಯದೆ ಈ ನಾಣ್ಯಗಳನ್ನು ಓದಲಾಗದು. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಮೂರು ಪೈಗೆ ಒಂದು ಕಾಲಾಣೆ, ಅಂಥ ಅರವತ್ತನಾಲ್ಕು ಕಾಲಾಣೆಗೆ ಒಂದು ರೂಪಾಯಿ. ನಾಲ್ಕಾಣೆಗೆ ಪಾವಲಿ ಎಂಬ ಹೆಸರು ಇನ್ನೂ ಹಿರಿಯರ ಬಾಯಲ್ಲಿದೆ. ಮಾತು ಪೂರ್ತಿ ನಿಜವೆನ್ನಲು ‘ಹದಿನಾರಾಣೆ ಸತ್ಯ’ ಎನ್ನುವವರು ಇಂದಿಗೂ ಇದ್ದಾರೆ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದು ಆಣೆಯ ಲೆಕ್ಕ ಹಿಂದೆ ಸರಿಯಿತು.

ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ಬಗೆಯ ನಾಣ್ಯ ಜಾರಿಗೆ ಬಂದದ್ದು 1835ರ ಕಾಯ್ದೆಯಿಂದ. ಅದಕ್ಕೂ ಮೊದಲು ಕಲ್ಕತ್ತಾ, ಮದರಾಸು, ಮುಂಬಯಿ ಪ್ರಾಂತಗಳಿಗೆ ಬೇರೆಬೇರೆ ನಾಣ್ಯಗಳಿದ್ದವು. ಹೊಸ ರೂಪಾಯಿಯ ಒಂದು ಬದಿಯಲ್ಲಿ ನಾಲ್ಕನೇ ವಿಲಿಯಂನ ಮುಖ, ಇನ್ನೊಂದರಲ್ಲಿ ಹೂಮಾಲೆಯೊಳಗೆ ಮುಖಬೆಲೆ. ಅರಸನ ಕತ್ತು ಮುಗಿಯುವಲ್ಲಿ ಕೆಲವು ನಾಣ್ಯಗಳಲ್ಲಿ ಪುಟ್ಟದಾಗಿ ‘ಎಫ್’ ಎಂದಿದೆ, ಕೆಲವದರಲ್ಲಿ ‘ಆರ್.ಎಸ್.’ ಎಂದಿದೆ, ಕೆಲವದರಲ್ಲಿ ಏನೂ ಇಲ್ಲ. ಕಲ್ಕತ್ತಾ ಟಂಕಸಾಲೆಯ ಮುಖ್ಯಸ್ಥರಾಗಿದ್ದ ಫೋರ್ಬ್ಸ್ ಮತ್ತು ಸಾಂಡರ್ಸ್ ಅವರ ಹೆಸರಿನ ಮೊದಲಕ್ಷರಗಳಿವು. ಅಕ್ಷರ ಉಬ್ಬಿದೆಯೋ ತಗ್ಗಿದೆಯೋ ಎಂಬುದರಿಂದಲೂ ಬಗೆ ಬೇರೆಯಾಗುತ್ತದೆ. ಅದೇ ಟಂಕಸಾಲೆಯಲ್ಲಿ ಲೋಹಪರೀಕ್ಷಕರಾಗಿದ್ದ ಜೇಮ್ಸ್ ಪ್ರಿನ್ಸೆಪ್ ಹಳೆಯ ನಾಣ್ಯಗಳ ಮೇಲಿನ ಬರಹವನ್ನು ಓದುತ್ತ ಓದುತ್ತ 1837ರಲ್ಲಿ ಬ್ರಾಹ್ಮೀ ಲಿಪಿಯನ್ನೇ ಬಿಡಿಸಿದರು. ಸಣ್ಣ ಅಕ್ಷರವನ್ನು ದಿಟ್ಟಿಸಿ ನೋಡುವ ಅಭ್ಯಾಸ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹೊಸದಾಗಿ ಸಂಗ್ರಹ ಶುರುಮಾಡಿದವರು ಎಡವುವುದು ಇಸವಿಯ ವಿಷಯದಲ್ಲಿ. ನಾಣ್ಯದ ಮೇಲೆ 1840 ಎಂದಿದ್ದರೆ ಅದು 1840ರಲ್ಲೇ ಅಚ್ಚಾಯಿತೆಂದು ತಿಳಿಯುವುದು ಸಹಜ. ಆದರೆ ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿಗಳಲ್ಲಿ ಮೂರು ಇಸವಿಗಳು ನಿಂತ ಗಡಿಯಾರದಂತೆ ನಿಂತುಬಿಟ್ಟಿವೆ. 1835 ಎಂಬ ಇಸವಿಯಲ್ಲಿ ವಿಲಿಯಂ ರೂಪಾಯಿ 1840ರವರೆಗೂ ಅಚ್ಚಾಯಿತು. 1840 ಎಂಬ ಇಸವಿಯಲ್ಲಿ ವಿಕ್ಟೋರಿಯಾ ರೂಪಾಯಿ 1862ರವರೆಗೆ ಬಂತು. ಆ 1840ರ ರೂಪಾಯಿಯಲ್ಲೇ ಎರಡು ಬಗೆ: ರಾಣಿಯ ಹೆಸರು ತಲೆಯ ಮೇಲೆ ಕಡಿಯದೆ ಬಳಸಿ ಬಂದಿರುವುದು ಹಳೆಯದು, ತಲೆಯ ಎರಡು ಪಕ್ಕ ಇಬ್ಭಾಗವಾಗಿರುವುದು ಆಮೇಲಿನದು. ಆಮೇಲೆ 1862. ಈ ಇಸವಿಯ ಅಚ್ಚು ಹತ್ತು ವರ್ಷಕ್ಕೂ ಹೆಚ್ಚು ನಡೆಯಿತು.

1862ರ ರೂಪಾಯಿಯನ್ನು ಹತ್ತಿರದಿಂದ ನೋಡಿದರೆ ಈ ಹವ್ಯಾಸದ ರುಚಿ ತಿಳಿಯುತ್ತದೆ. ಮುಂಬದಿಯಲ್ಲಿ ಕಿರೀಟ ಧರಿಸಿದ ವಿಕ್ಟೋರಿಯಾ, ಕಸೂತಿಯ ಮೇಲುಡುಪು, ಸುತ್ತ ರಾಣಿ ಎಂಬ ಬಿರುದು. ಹಿಂಬದಿಯಲ್ಲಿ ಹೂಬಳ್ಳಿಯ ಚೌಕಟ್ಟಿನೊಳಗೆ ಒಂದು ರೂಪಾಯಿ, ಇಂಡಿಯಾ, 1862. ನಾಣ್ಯವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಹಿಂಬದಿಯ ಬರಹದ ಕೆಳಗೆ ಸಾಸಿವೆಗಿಂತ ಚಿಕ್ಕ ಚುಕ್ಕಿಗಳು ಕಾಣಬಹುದು. ಕೆಲವದರಲ್ಲಿ ಒಂದು, ಕೆಲವದರಲ್ಲಿ ಎರಡು, ಮೂರು, ಇನ್ನೂ ಹೆಚ್ಚು. ಕೆಲವದರಲ್ಲಿ ಬರಹದ ಮೇಲ್ಗಡೆಯೂ ಇರುತ್ತವೆ. ಇವು ಕೊಳೆಯಲ್ಲ, ಲೋಹದ ಗಂಟೂ ಅಲ್ಲ. ಇಸವಿ ಬದಲಿಸದ ಮುಂಬಯಿ ಟಂಕಸಾಲೆ ತನ್ನ ಅನುಕೂಲಕ್ಕಾಗಿ ವರ್ಷಗಳನ್ನು ಹೀಗೆ ಚುಕ್ಕಿಯಲ್ಲಿ ಎಣಿಸುತ್ತ ಹೋಯಿತು. ಚುಕ್ಕಿಯಿಲ್ಲದ ರೂಪಾಯಿ ಕೈಗೊಂದು ಸಿಗುತ್ತದೆ. ಮೇಲೊಂದಿಷ್ಟು ಕೆಳಗೊಂದಿಷ್ಟು ಚುಕ್ಕಿ ಇರುವ ಕೆಲವು ಜೋಡಣೆಗಳಿಗಾಗಿ ಸಂಗ್ರಾಹಕರು ವರ್ಷಗಟ್ಟಲೆ ಕಾಯುತ್ತಾರೆ. ಮನೆಯಲ್ಲಿ ಐವತ್ತು ವರ್ಷ ಇಟ್ಟುಕೊಂಡವರೂ ಆ ಚುಕ್ಕಿಯನ್ನು ನೋಡಿರುವುದಿಲ್ಲ.

1874ರಿಂದ ಇಸವಿಗಳು ಮತ್ತೆ ನಡೆಯತೊಡಗಿದವು. 1877ರಲ್ಲಿ ವಿಕ್ಟೋರಿಯಾ ಸಾಮ್ರಾಜ್ಞಿಯೆಂಬ ಬಿರುದು ತಳೆದ ಮೇಲೆ ನಾಣ್ಯದಲ್ಲಿ ‘ರಾಣಿ’ ಹೋಗಿ ‘ಸಾಮ್ರಾಜ್ಞಿ’ ಬಂತು. ಮುಂಬಯಿಯ ನಾಣ್ಯವನ್ನು ‘ಬಿ’ ಅಕ್ಷರದಿಂದ ಅಥವಾ ಚುಕ್ಕಿಯಿಂದ ಗುರುತಿಸಬಹುದು. ಕಲ್ಕತ್ತಾದ್ದು ಕೆಲವೊಮ್ಮೆ ‘ಸಿ’, ಹೆಚ್ಚಾಗಿ ಗುರುತೇ ಇಲ್ಲ. ಗುರುತಿಲ್ಲದಿರುವುದೇ ಒಂದು ಗುರುತು ಎಂಬುದು ಕಲಿಯುವವರಿಗೆ ವಿಚಿತ್ರವಾಗಿ ಕಾಣುತ್ತದೆ. ಮದರಾಸಿನ ಟಂಕಸಾಲೆ 1869ರಲ್ಲಿ ಮುಚ್ಚಿತು. ಎರಡನೇ ಮಹಾಯುದ್ಧದ ಒತ್ತಡದಲ್ಲಿ 1943ರಲ್ಲಿ ಲಾಹೋರಿನಲ್ಲಿ ಹೊಸದೊಂದು ಶುರುವಾಯಿತು. ಅದರ ಗುರುತು ‘ಎಲ್’.

ಏಳನೇ ಎಡ್ವರ್ಡ್‌ನ ಕಾಲ ಚಿಕ್ಕದು. ಆ ಅವಧಿಯಲ್ಲಿ ನೆನಪಿಡಬೇಕಾದವು ಎರಡು. 1906ರಲ್ಲಿ ಕಾಲಾಣೆಯ ತಾಮ್ರ ಹೋಗಿ ಕಂಚು ಬಂತು, ನಾಣ್ಯ ತೆಳುವಾಯಿತು. 1907ರಲ್ಲಿ ಅಂಚು ಅಲೆಅಲೆಯಾಗಿರುವ, ನಿಕ್ಕಲ್ ಬೆರೆತ ಒಂದಾಣೆ ಚಲಾವಣೆಗೆ ಬಂತು. ಓದುಬರಹ ಬಾರದವರೂ ಸಂತೆಯ ನೂಕುನುಗ್ಗಲಲ್ಲಿ ಕೈಮುಟ್ಟಿಯೇ ಒಂದಾಣೆಯನ್ನು ತಿಳಿಯಲೆಂದು ಹಾಗೆ ಮಾಡಲಾಗಿತ್ತು. ಈಗಿನ ಎಷ್ಟೋ ನಾಣ್ಯಗಳು ಒಂದರಂತೆ ಇನ್ನೊಂದು ಇರುವುದನ್ನು ನೋಡಿದರೆ ಆ ಅಲೆಯಂಚಿನ ವಿವೇಕ ಮೆಚ್ಚಬೇಕಾದ್ದೇ.

ಐದನೇ ಜಾರ್ಜ್‌ನ ಮೊದಲ ರೂಪಾಯಿ ಇಡೀ ಭಾರತದಲ್ಲಿ ಗುಲ್ಲೆಬ್ಬಿಸಿತು. 1911ರ ಆ ನಾಣ್ಯದಲ್ಲಿ ಅರಸನ ನಿಲುವಂಗಿಯ ಮೇಲೆ ಪದಕಮಾಲೆ, ಅದರಲ್ಲಿ ಒಂದು ಪುಟ್ಟ ಆನೆ. ಅಚ್ಚುಗಾರ ಸೊಂಡಿಲನ್ನು ಎಷ್ಟು ಮೊಟುಕಾಗಿ ಕೆತ್ತಿದ್ದನೆಂದರೆ, ನೋಡಿದವರಿಗೆ ಅದು ಹಂದಿಯಂತೆ ಕಂಡಿತು. ಮುಸ್ಲಿಮರ ಮನಸ್ಸು ನೊಂದಿತು, ಹಿಂದೂಗಳಿಗೂ ಅದು ಹಿಡಿಸಲಿಲ್ಲ. ಸರ್ಕಾರ ನಾಣ್ಯವನ್ನು ಹಿಂದಕ್ಕೆ ಪಡೆದು ಬಹುಪಾಲನ್ನು ಕರಗಿಸಿತು. 1912ರ ಅಚ್ಚಿನಲ್ಲಿ ಆನೆಗೆ ನೀಳವಾದ ಸೊಂಡಿಲು ಬಂತು. ‘ಹಂದಿ ರೂಪಾಯಿ’ ಎಂದು ಹೆಸರಾದ 1911ರ ನಾಣ್ಯ ಇಂದು ಪ್ರತಿಯೊಬ್ಬ ಸಂಗ್ರಾಹಕನ ಪಟ್ಟಿಯಲ್ಲೂ ಇರುತ್ತದೆ. 1911 ಮತ್ತು 1912ರ ಎರಡು ರೂಪಾಯಿಗಳನ್ನು ಪಕ್ಕಪಕ್ಕ ಇಟ್ಟು ಆನೆಗಳನ್ನು ಹೋಲಿಸಿ ನೋಡುವುದು, ಮಕ್ಕಳಿಗೆ ಈ ಹವ್ಯಾಸದ ಮೊದಲ ಪಾಠವಾಗಿ ಬಹಳ ಚೆನ್ನಾಗಿ ಒದಗುತ್ತದೆ.

ಮೊದಲನೇ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂತು. 1917ರ ನವೆಂಬರಿನಲ್ಲಿ ಸರ್ಕಾರ ಒಂದು ರೂಪಾಯಿಯ ನೋಟನ್ನು ಹೊರಡಿಸಿತು. 1918ರಲ್ಲಿ ಅಮೆರಿಕ ತನ್ನ ಖಜಾನೆಯ ಬೆಳ್ಳಿ ಡಾಲರುಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕೆ ಮಾರಿತು. 1918, 1919, 1920ರ ರೂಪಾಯಿಗಳು ಊರೂರಿನಲ್ಲಿ ಸಿಗುವುದಕ್ಕೆ ಕಾರಣ ಇದು. ಅದೇ ಹೊತ್ತಿಗೆ ನಿಕ್ಕಲ್ ಬೆರೆಸಿದ ಎಂಟಾಣೆ 1919 ಮತ್ತು 1920ರಲ್ಲಿ ಮಾತ್ರ ಬಂದು, ನಕಲಿಗಳ ಹಾವಳಿಯಿಂದ ಬೇಗನೆ ಮರೆಯಾಯಿತು. ರೂಪಾಯಿಯಲ್ಲೂ 1921, 1922ರ ಮುಂಬಯಿ ನಾಣ್ಯಗಳು ಕಡಿಮೆ ಅಚ್ಚಾದವು. ಅಲ್ಲಿಂದ ಮುಂದೆ ಐದನೇ ಜಾರ್ಜ್‌ನ ಬೆಳ್ಳಿ ರೂಪಾಯಿ ನಿಂತೇಹೋಯಿತು. ಹೀಗಾಗಿ ಡಬ್ಬದ ತುಂಬ 1918 ಇದ್ದು ಒಂದೇ ಒಂದು 1922 ಇದ್ದರೆ, ಆ ಒಂದನ್ನು ಮೊದಲು ಬೇರೆ ಇಡಬೇಕು.

ಭದ್ರಾವತಿಯ ಕಥೆ ಈ ಇಸವಿಗಳ ಜೊತೆ ಹೆಣೆದುಕೊಂಡಿದೆ. ಬೆಂಕಿಪುರವೆಂದು ಹೆಸರಿದ್ದ ಹಳ್ಳಿಯ ಬಳಿ, ಭದ್ರಾ ನದಿಯ ದಂಡೆಯಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆ ಕಟ್ಟಿಸಿತು. 1923ರ ಜನವರಿಯಲ್ಲಿ ಉತ್ಪಾದನೆ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ನೇತೃತ್ವ ವಹಿಸಿದ್ದರು. ಕಾಡಿನ ನಡುವೆ ಇದ್ದಕ್ಕಿದ್ದಂತೆ ಒಂದು ಊರು ಎದ್ದಿತು. ಕನ್ನಡಿಗರ ಜೊತೆಗೆ ತಮಿಳರು, ತೆಲುಗರು, ಮಲಯಾಳಿಗಳು ಕೆಲಸಕ್ಕೆ ಬಂದರು. ಕಾಗದದ ಕಾರ್ಖಾನೆ ಆಮೇಲೆ ಸೇರಿಕೊಂಡಿತು. ಕಬ್ಬಿಣದ ಕಾರ್ಖಾನೆಗೂ ಮೊದಲು ಊರಿನ ಕೈಯಲ್ಲಿ ನಗದು ಓಡಾಡುತ್ತಿದ್ದುದು ಸುಗ್ಗಿಯ ಕಾಲಕ್ಕೆ. ಕಾರ್ಖಾನೆ ಬಂದ ಮೇಲೆ ಬಟವಾಡೆಯ ದಿನವೆಂಬುದೊಂದು ಹುಟ್ಟಿತು. ಸಂಬಳದಲ್ಲಿ ಉಳಿಸಿದ ರೂಪಾಯಿಯನ್ನು ಟ್ರಂಕಿನಲ್ಲಿ, ಮಡಕೆಯಲ್ಲಿ, ದೇವರ ಮುಡಿಪಿನ ಗಂಟಿನಲ್ಲಿ ಕೂಡಿಟ್ಟ ಮನೆಗಳಿವು. ಈ ಭಾಗದ ಹಳೆಯ ಗಂಟುಗಳಲ್ಲಿ ಎರಡು ಮಹಾಯುದ್ಧಗಳ ನಡುವಿನ ನಾಣ್ಯಗಳನ್ನು ಹುಡುಕುವುದಕ್ಕೆ ಕಾರ್ಖಾನೆ ಕಾಲೊನಿಗಿಂತ ಒಳ್ಳೆಯ ಜಾಗವಿಲ್ಲ.

ಆರನೇ ಜಾರ್ಜ್‌ನ ಕಾಲಕ್ಕೆ ಬಂದರೆ, ಬ್ರಿಟಿಷ್ ಇಂಡಿಯಾದ ಸಂಗ್ರಾಹಕರೆಲ್ಲರ ಬಾಯಲ್ಲಿರುವ ಇಸವಿ 1939. ಆ ವರ್ಷದ ಮುಂಬಯಿಯ ಬೆಳ್ಳಿ ರೂಪಾಯಿ ಅತ್ಯಂತ ವಿರಳ. 1938ರ ರೂಪಾಯಿ ಸಾಕಷ್ಟು ಸಿಗುತ್ತದೆ. 1940ರಿಂದ ಸಿಗುವುದು ಬೆಳ್ಳಿ ಅರ್ಧಕ್ಕಿಳಿದ, ತಾಮ್ರ, ನಿಕ್ಕಲ್, ಸತು ಬೆರೆತ ರೂಪಾಯಿ. ನಡುವಿನ ಒಂದು ವರ್ಷ ಮಾತ್ರ ಕೈಗೆ ಸಿಗದಂತಿದೆ. ಮೋಸಗಾರರು 1938ರ ಕೊನೆಯ ಅಂಕಿಯನ್ನು ಕೆರೆದು ತಿದ್ದಿ 9 ಮಾಡುತ್ತಾರೆ. ಭೂತಗನ್ನಡಿಯಲ್ಲಿ ಆ ಅಂಕಿಯ ಬುಡವನ್ನೇ ನೋಡಬೇಕು. ಅಚ್ಚಿನಲ್ಲಿ ಮೂಡಿದ ಅಂಕಿಯ ಸುತ್ತಲಿನ ನೆಲ ನಯವಾಗಿ ಹರಿದಿರುತ್ತದೆ. ಕೆತ್ತಿದ್ದಾದರೆ ಸೂಜಿಯ ಗೀರು, ಸಣ್ಣ ತಗ್ಗು, ಬಣ್ಣದ ವ್ಯತ್ಯಾಸ ಕಾಣುತ್ತದೆ. ಉಳಿದ ಮೂರು ಅಂಕಿಗಳಿಗಿಂತ ನಾಲ್ಕನೆಯದು ಹೆಚ್ಚು ಹೊಸದಾಗಿ ಕಂಡರೆ ಆ ನಾಣ್ಯವನ್ನು ಕೊಳ್ಳಬಾರದು.

1941ರಿಂದ 1943ರೊಳಗೆ ಸರ್ಕಾರ ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್‌ರ ಅಪ್ಪಟ ಬೆಳ್ಳಿ ರೂಪಾಯಿಗಳ ಚಲಾವಣೆಯನ್ನು ಒಂದೊಂದಾಗಿ ರದ್ದುಪಡಿಸಿತು. ಕೋಟ್ಯಂತರ ನಾಣ್ಯಗಳು ಖಜಾನೆಗೆ ಮರಳಿ ಕುಲುಮೆ ಸೇರಿದವು. ಜನ ಕೊಡದೆ ಬಚ್ಚಿಟ್ಟವಷ್ಟೇ ಉಳಿದವು. ಹಾಗಾಗಿ ಒಂದು ಇಸವಿಯಲ್ಲಿ ಎಷ್ಟು ಅಚ್ಚಾಯಿತೆಂಬ ದಾಖಲೆಯಿಂದ ಇಂದು ಎಷ್ಟು ಉಳಿದಿದೆಯೆಂದು ಹೇಳಲಾಗದು. ಕರಗುವಿಕೆ ಇಸವಿ ನೋಡಿ ಆಗಲಿಲ್ಲ. ಅರ್ಧ ಬೆಳ್ಳಿಯ ರೂಪಾಯಿಗಳದ್ದೂ ಅದೇ ಪಾಡು: ಯುದ್ಧಕಾಲದಲ್ಲಿ ಅಮೆರಿಕದಿಂದ ಸಾಲ ತಂದ ಬೆಳ್ಳಿಯನ್ನು ಸ್ವತಂತ್ರ ಭಾರತ ಹಿಂತಿರುಗಿಸಿದ್ದು ಅವುಗಳನ್ನು ಕರಗಿಸಿಯೇ.

ಯುದ್ಧದ ಇನ್ನೊಂದು ನೆನಪು ತೂತು ಕಾಸು. 1943ರಿಂದ 1947ರವರೆಗೆ ಬಂದ ಆ ಒಂದು ಪೈಸೆಯ, ಅಂದರೆ ಕಾಲಾಣೆಯ, ನಡುವೆ ದೊಡ್ಡ ರಂಧ್ರ. ಲೋಹದ ಉಳಿತಾಯಕ್ಕೆ ಮಾಡಿದ ಉಪಾಯ. ಜನ ಅದನ್ನು ವಾಷರಾಗಿ ಬಳಸಿದರು, ಮಕ್ಕಳ ಉಡಿದಾರಕ್ಕೆ ಪೋಣಿಸಿದರು. ಅದರ ಮೇಲಿನ ಕಿರೀಟ ಕೆಲವದರಲ್ಲಿ ದುಂಡಗೆ, ಕೆಲವದರಲ್ಲಿ ಚಪ್ಪಟೆ. ಇಸವಿಯ ಅಂಕಿ ಕೆಲವದರಲ್ಲಿ ದೊಡ್ಡದು, ಕೆಲವದರಲ್ಲಿ ಚಿಕ್ಕದು. ದುಡ್ಡಿಲ್ಲದ ವಿದ್ಯಾರ್ಥಿ ಭೇದಗಳ ಸಂಗ್ರಹ ಶುರುಮಾಡಲು ಇದಕ್ಕಿಂತ ಒಳ್ಳೆಯ ನಾಣ್ಯ ಇನ್ನೊಂದಿಲ್ಲ. 1947ರ ನಿಕ್ಕಲ್ ರೂಪಾಯಿಯ ಹಿಂಬದಿಯಲ್ಲಿ ಹುಲಿ ನಡೆದುಹೋಗುತ್ತಿದೆ. ಅದೇ ಕೊನೆಯದು, 1950ರ ಆಗಸ್ಟ್ 15ರಂದು ಅಶೋಕನ ಸಿಂಹಗಳು ಬಂದವು.

ಇಂಗ್ಲೆಂಡಿನ ಸ್ವಂತ ನಾಣ್ಯ ಮಲೆನಾಡಿಗೆ ಬಂದಿಲ್ಲವೆಂದಲ್ಲ. ಅದು ಹೆಣ್ಣುಮಕ್ಕಳ ಕೊರಳಲ್ಲಿದೆ. ಕಾಸಿನ ಸರಕ್ಕೆ ಪೋಣಿಸಿದ ಪವನು ಎಂದರೆ ಬ್ರಿಟಿಷರ ಸಾವರಿನ್: ಇಪ್ಪತ್ತೆರಡು ಕ್ಯಾರೆಟ್ಟಿನ, ಸುಮಾರು 7.98 ಗ್ರಾಂ ತೂಕದ ಚಿನ್ನದ ನಾಣ್ಯ. 1899ರ ಕಾಯ್ದೆಯಿಂದ ಅದು ಭಾರತದಲ್ಲಿ 15 ರೂಪಾಯಿಗೆ ಸಮನಾಗಿ ನಡೆಯಿತು. ಹಿಂಬದಿಯಲ್ಲಿ ಕುದುರೆಯೇರಿ ಘಟಸರ್ಪವನ್ನು ಕೊಲ್ಲುವ ಸಂತ ಜಾರ್ಜ್. ಕುದುರೆಯ ಕಾಲಡಿಯ ನೆಲವನ್ನು, ಇಸವಿಯ ಮೇಲ್ಗಡೆ, ಕಣ್ಣಿಟ್ಟು ನೋಡಿದರೆ ಅಲ್ಲೊಂದು ಅಕ್ಷರ ಸಿಗಬಹುದು: ‘ಎಸ್’ ಸಿಡ್ನಿ, ‘ಎಂ’ ಮೆಲ್ಬರ್ನ್, ‘ಪಿ’ ಪರ್ತ್, ‘ಸಿ’ ಕೆನಡಾದ ಒಟ್ಟಾವಾ, ‘ಎಸ್‌ಎ’ ದಕ್ಷಿಣ ಆಫ್ರಿಕದ ಪ್ರಿಟೋರಿಯಾ. ಮುಂಬಯಿಯಲ್ಲೂ ಸಾವರಿನ್ ಅಚ್ಚಾಯಿತು, ಅದೂ 1918ರ ಒಂದೇ ಇಸವಿಯಲ್ಲಿ. ಅದರ ಗುರುತು ‘ಐ’. ಚಿನ್ನದ ತೂಕ ಎಲ್ಲದಕ್ಕೂ ಒಂದೇ ಆದ್ದರಿಂದ ಅಕ್ಕಸಾಲಿಗರಿಗೆ ಈ ಅಕ್ಷರ ಮುಖ್ಯವಲ್ಲ. ಸರ ಬಿಚ್ಚಿಸಿ ಹೊಸ ಒಡವೆ ಮಾಡಿಸುವ ಮೊದಲು ಮನೆಯವರೇ ಅದನ್ನು ನೋಡಿಕೊಳ್ಳಬೇಕು. ಕೊಂಡಿ ಬೆಸೆದ ಪವನಿಗೆ ಸಂಗ್ರಹದ ಬೆಲೆ ಕುಗ್ಗುತ್ತದೆಂಬುದೂ ನಿಜ.

ಇಸವಿ ಹುಡುಕುವ ಗೀಳು ಬ್ರಿಟನ್ನಿನಲ್ಲಿ ಮನೆಮನೆಗೆ ಹಬ್ಬಿದ್ದು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ. 1971ರ ಫೆಬ್ರವರಿಯಲ್ಲಿ ದಶಮಾಂಶ ಪದ್ಧತಿ ಬರುವವರೆಗೆ ವಿಕ್ಟೋರಿಯಾ ಕಾಲದ ಪೆನ್ನಿಗಳೂ ಅಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು. ಎಲ್ಲರೂ ಚಿಲ್ಲರೆಯಲ್ಲಿ ಹುಡುಕುತ್ತಿದ್ದುದು 1933ರ ಪೆನ್ನಿಯನ್ನು. ಆ ವರ್ಷ ಕಟ್ಟಡಗಳ ಅಡಿಗಲ್ಲಿನ ಕೆಳಗೆ ಇಡಲು, ವಸ್ತುಸಂಗ್ರಹಾಲಯಗಳಿಗೆ ಕೊಡಲು ಬೆರಳೆಣಿಕೆಯಷ್ಟು ಮಾತ್ರ ಟಂಕಿಸಲಾಗಿತ್ತು. ಲೀಡ್ಸ್ ಬಳಿಯ ಚರ್ಚೊಂದರ ಅಡಿಗಲ್ಲಿನಿಂದ 1970ರಲ್ಲಿ ಒಂದು ಕಳವೂ ಆಯಿತು.

ಈಸ್ಟ್ ಇಂಡಿಯಾ ಕಂಪನಿಯ ಕಾಲದ ತಾಮ್ರದ ನಾಣ್ಯಕ್ಕೆ ಇನ್ನೊಂದು ವಿಚಿತ್ರ ಚರಿತ್ರೆಯಿದೆ. ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೌಲ್ಟನ್ ಕಟ್ಟಿದ ಸೋಹೋ ಟಂಕಸಾಲೆ ಹಬೆಯಂತ್ರದಿಂದ ನಡೆಯುತ್ತಿತ್ತು. 1803 ಮತ್ತು 1808ರಲ್ಲಿ ಮದರಾಸು ಪ್ರಾಂತಕ್ಕೆ ಇಪ್ಪತ್ತು ಕಾಸು, ಹತ್ತು ಕಾಸಿನ ನಾಣ್ಯಗಳು ಅಲ್ಲಿ ಅಚ್ಚಾದವು. 1808ರ ಒಂದು ದೊಡ್ಡ ಸರಕು ಹೊತ್ತ ‘ಅಡ್ಮಿರಲ್ ಗಾರ್ಡನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ದಡ ಬಿಟ್ಟು ದೂರ ಹೋಗುವ ಮೊದಲೇ ಗುಡ್ವಿನ್ ಮರಳುದಿಬ್ಬದಲ್ಲಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಆ ಕಾಸುಗಳನ್ನು ರಾಶಿರಾಶಿಯಾಗಿ ಮೇಲೆತ್ತಿದರು. ಭಾರತದ ಸಂತೆಯಲ್ಲಿ ಸವೆದ 1808ರ ಕಾಸು ನುಣ್ಣಗಿರುತ್ತದೆ. ಸಮುದ್ರದಿಂದ ಬಂದದ್ದರ ಅಕ್ಷರ ಚೂಪಾಗಿದ್ದು ಮೈಯೆಲ್ಲ ಉಪ್ಪು ತಿಂದ ಸಣ್ಣ ಕುಳಿಗಳು. ಒಂದೇ ಅಚ್ಚಿನ ಎರಡು ಕಾಸು, ಎರಡು ಬಾಳು.

ಇನ್ನು ಮೋಸದ ಮಾತು. ಒಂದು ಬದಿಯಲ್ಲಿ ರಾಮ, ಸೀತೆ, ಹನುಮಂತ; ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಎಂಬ ಬರಹ, 1616, 1717, 1818 ಎಂಬಂಥ ಇಸವಿ. ಇಂಥ ಬಿಲ್ಲೆಗಳನ್ನು ಕರ್ನಾಟಕದ ಜಾತ್ರೆ, ಸಂತೆಗಳಲ್ಲಿ ಇಂದಿಗೂ ಕಾಣಬಹುದು. ಕಂಪನಿ ಇಂಥ ನಾಣ್ಯವನ್ನು ಎಂದೂ ಹೊರಡಿಸಿಲ್ಲ. ಪೂಜೆಗೆ ಇಟ್ಟುಕೊಂಡರೆ ದೋಷವಿಲ್ಲ. ಚರಿತ್ರೆಯೆಂದು ದುಡ್ಡು ಕೊಟ್ಟರೆ ಆ ದುಡ್ಡು ಹೋದಂತೆಯೇ. ಇವುಗಳಿಗೆ ಅಕ್ಕಿಕಾಳನ್ನು ಸೆಳೆಯುವ ಶಕ್ತಿಯಿದೆಯೆಂದು ‘ರೈಸ್ ಪುಲ್ಲರ್’ ಹೆಸರಿನಲ್ಲಿ ಲಕ್ಷಗಟ್ಟಲೆ ಸುಲಿಯುವ ವಂಚಕರ ಜಾಲ ಬೇರೆ ಇದೆ. ಅಂಥವರು ಬಂದರೆ ನೇರ ಪೊಲೀಸರಿಗೆ ಹೇಳಬೇಕು. ಬೆಳ್ಳಿ ರೂಪಾಯಿಯ ನಕಲಿಗಳನ್ನು ಪತ್ತೆಹಚ್ಚುವುದು ಅಷ್ಟು ಕಷ್ಟವಲ್ಲ. ಎರಕ ಹೊಯ್ದದ್ದರ ಅಂಚಿನಲ್ಲಿ ಬೆಸುಗೆಯ ಗೆರೆ ಕಾಣುತ್ತದೆ, ಅಂಚಿನ ಗೀರುಗಳು ಮಸುಕಾಗಿರುತ್ತವೆ, ತೂಕ 11.66 ಗ್ರಾಂನಿಂದ ದೂರ ಹೋಗಿರುತ್ತದೆ. ಹಿಂದಿನ ಚಿನಿವಾರರು ಕಲ್ಲಿನ ಮೇಲೆ ಬೀಳಿಸಿ ನಾದ ಕೇಳಿಯೇ ಸಾಚಾ ಖೋಟಾ ಹೇಳುತ್ತಿದ್ದರು.

ಹಳೆಯದೆಲ್ಲ ಅಪರೂಪವಲ್ಲ ಎಂಬ ಮಾತನ್ನೂ ಇಲ್ಲಿ ಒತ್ತಿ ಹೇಳಬೇಕು. 1835ರ ಕಾಲಾಣೆ ಇನ್ನೂರು ವರ್ಷದ ಹತ್ತಿರದ್ದಾದರೂ ಎಲ್ಲೆಲ್ಲೂ ಸಿಗುತ್ತದೆ. 1939ರ ರೂಪಾಯಿ ಅದಕ್ಕಿಂತ ನೂರು ವರ್ಷ ಚಿಕ್ಕದಾದರೂ ಸಿಗದು. ಬೆಲೆ ಕಟ್ಟುವುದು ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ, ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ. ಸ್ಥಿತಿಯನ್ನು ಕೆಡಿಸುವವರು ಹೆಚ್ಚಾಗಿ ನಾಣ್ಯದ ಒಡೆಯರೇ. ಮಾರುವ ಮೊದಲು ಹೊಳಪು ಬರಲೆಂದು ಹುಣಸೆಹಣ್ಣು, ರಂಗೋಲಿಪುಡಿ ಹಾಕಿ ತಿಕ್ಕುತ್ತಾರೆ. ನೂರು ವರ್ಷದಲ್ಲಿ ಮೈಗೂಡಿದ ಬಣ್ಣ, ರಾಣಿಯ ಕೂದಲಿನ ಎಳೆ, ಆ ಸಾಸಿವೆ ಗಾತ್ರದ ಚುಕ್ಕಿ, ಎಲ್ಲವೂ ಐದು ನಿಮಿಷದಲ್ಲಿ ಹೋಗುತ್ತವೆ. ಮಲೆನಾಡಿನ ಮಳೆಗಾಲ ಇನ್ನೊಂದು ಶತ್ರು. ಆಗುಂಬೆ ಕಡೆಯಿಂದ ಬೀಸುವ ತಂಪಿಗೆ ತಾಮ್ರ ಕಿಲುಬು ಹಿಡಿಯುತ್ತದೆ. ಅಗ್ಗದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಅಂಟಂಟು ಹಸಿರು ಪದರ ಕೂರುತ್ತದೆ. ಒಣ ಕಾಗದದ ಲಕೋಟೆ ಅಥವಾ ನಾಣ್ಯಕ್ಕೆಂದೇ ಸಿಗುವ ಗಟ್ಟಿ ಡಬ್ಬಿ, ಜೊತೆಗೆ ತೇವ ಹೀರುವ ಸಿಲಿಕಾದ ಪುಟ್ಟ ಪೊಟ್ಟಣ ಸಾಕು. ಹಿಡಿಯುವುದಾದರೆ ಅಂಚಿನಲ್ಲೇ ಹಿಡಿಯಬೇಕು.

ಕಾನೂನೂ ತಿಳಿದಿರಬೇಕು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ತೋಟ ಅಗೆಯುವಾಗ, ಹಳೆಯ ಮನೆ ಕೆಡವುವಾಗ ನೆಲದಲ್ಲಿ ಗಂಟು ಸಿಕ್ಕರೆ ಅದು ನಿಧಿ. 1962ರ ಕರ್ನಾಟಕ ನಿಧಿ ಕಾಯ್ದೆ ಅನ್ವಯವಾಗುವುದರಿಂದ ಅಧಿಕಾರಿಗಳಿಗೆ ತಿಳಿಸುವುದು ಕರ್ತವ್ಯ. ಹಾಗೆ ತಿಳಿಸಿದ ನಿಧಿಗಳಿಂದಲೇ ನಾಡಿನ ನಾಣ್ಯಚರಿತ್ರೆಯ ಎಷ್ಟೋ ಪುಟಗಳು ಬರೆಯಲ್ಪಟ್ಟಿವೆ.

ಓದಿಗೆ ಆಧಾರಗಳು ಬಹಳ ಇವೆ. ದಕ್ಷಿಣ ಭಾರತದ ಸಂಗ್ರಾಹಕರಿಗೆಂದೇ ಕ್ಯಾಪ್ಟನ್ ಟಫ್ನೆಲ್ 1889ರಲ್ಲೇ ಕೈಪಿಡಿ ಬರೆದರು. ಹೈದರ್, ಟಿಪ್ಪು ನಾಣ್ಯಗಳ ಬಗ್ಗೆ ಹೆಂಡರ್ಸನ್‌ರ 1921ರ ಗ್ರಂಥ, ಕರ್ನಾಟಕದ ನಾಣ್ಯಗಳ ಬಗ್ಗೆ ಎ.ವಿ. ನರಸಿಂಹಮೂರ್ತಿಯವರ ಕೃತಿ, ಬ್ರಿಟಿಷ್ ಇಂಡಿಯಾದ ಭೇದಗಳಿಗೆ ಪ್ರಿಡ್ಮೋರ್‌ರ ಪಟ್ಟಿ ಮತ್ತು 2012ರಲ್ಲಿ ಬಂದ ಸ್ಟೀವನ್ಸ್–ವೀರ್ ಗ್ರಂಥ ಸಂಗ್ರಾಹಕರ ಕೈಯಾಸರೆ. ಕಣ್ಣಿಂದ ನೋಡಿ ಕಲಿಯಬೇಕೆನ್ನುವವರು ಶಿವಮೊಗ್ಗ ಬಳಿಯ ಲಕ್ಕಿನಕೊಪ್ಪದ ‘ಅಮೂಲ್ಯ ಶೋಧ’ ಖಾಸಗಿ ಸಂಗ್ರಹಾಲಯಕ್ಕೆ ಹೋಗಿ ನೋಡಬಹುದು. ಶಿವಮೊಗ್ಗ ಪೇಟೆಯ ಶಿವಪ್ಪನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯ, ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯ ಈ ಸೀಮೆಯ ಹಿನ್ನೆಲೆಯನ್ನು ತಿಳಿಸುತ್ತವೆ.

ಆದರೆ ಯಾವ ಕ್ಯಾಟಲಾಗಿನಲ್ಲೂ ಇಲ್ಲದ ಸಂಗತಿಯೊಂದಿದೆ. 1862ರ ರೂಪಾಯಿಯಲ್ಲಿ ಎಷ್ಟು ಚುಕ್ಕಿ ಎಂದು ಪುಸ್ತಕ ಹೇಳುತ್ತದೆ. ಆ ರೂಪಾಯಿ ಅಡಿಕೆ ಮಾರಿದ ದುಡ್ಡಾಗಿ ಮನೆಗೆ ಬಂತೋ, ಭದ್ರಾವತಿಯ ಬಟವಾಡೆಯಲ್ಲಿ ಬಂತೋ, ಮದುವೆಯಲ್ಲಿ ಮುಯ್ಯಿಯಾಗಿ ಬಂತೋ ಹೇಳುವುದಿಲ್ಲ. ಅದು ಗೊತ್ತಿರುವುದು ಮನೆಯ ಹಿರಿಯರಿಗೆ ಮಾತ್ರ. ಹಳೆಯ ನಾಣ್ಯ ಇರುವ ಮನೆಯವರು ಈ ವಾರವೇ ಅವರ ಹತ್ತಿರ ಕುಳಿತು ಕೇಳಲಿ. ಯಾರಿಂದ, ಯಾವ ಊರಿಂದ, ಯಾವಾಗ ಬಂತೆಂದು ಒಂದು ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆದು ನಾಣ್ಯದ ಲಕೋಟೆಯೊಳಗೇ ಇಡಲಿ.